ಆಟಕ್ಕೆ ಹೋದ ಕೈ

"ಕಂಪ್ಯೂಟರ್ ಕಡೆ ಮಾತ್ರ ಸರಿಮಾಡಮ್ಮ. ಆಟದ ಕಡೆ ಎಬ್ಬಿಸ್ಬೇಡ," ಎಂದಳು ಅಜ್ಜಿ.

ರಿಪೇರಿಯವಳು ಅಂಗಡಿಗೆ ಸೇರಿ ವಾರವಾಗಿತ್ತಷ್ಟೆ. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಮೇಜಿನ ಮೇಲಿದ್ದದ್ದು ಹಳೇ ಕಾಲದ ಜೋಡಿ ಯಂತ್ರ; ಒಂದೇ ಡಬ್ಬಿಯೊಳಗೆ ಕಂಪ್ಯೂಟರೂ ಇತ್ತು, ವಿಡಿಯೋ ಗೇಮೂ ಇತ್ತು.

"ಎಬ್ಬಿಸಿದ್ರೆ ಏನಜ್ಜಿ, ಕಚ್ಚುತ್ತಾ?"

"ನನ್ನ ಗಂಡ ಇದನ್ನ ಬಿಟ್ಟು ಏಳ್ತಿರ್ಲಿಲ್ಲ. ಹೊಟ್ಟೆ ಉರಿದು ನಾನೇ ಮಾಟ ಮಾಡಿಸ್ದೆ, ಆಡೋ ಕೈ ಆಟಕ್ಕೇ ಹೋಗ್ಲಿ ಅಂತ." ಅಜ್ಜಿ ತಲೆ ತಗ್ಗಿಸಿದಳು. "ಹೋಯ್ತು. ಸಾಯೋವರೆಗೂ ಆ ಕೈ ಏಳ್ಲಿಲ್ಲ. ಅವರು ಇದರ ಕ್ಯಾಸೆಟ್ ಟೇಪಲ್ಲಿ ಏನೋ ಬರೆದಿಟ್ಟಿದಾರೆ. ಅದನ್ನ ಓದ್ಬೇಕು, ಅಷ್ಟೇ."

ಅಜ್ಜಿ ನೀರು ಕುಡಿಯಲು ಹೊರಗೆ ಹೋದದ್ದೇ ತಡ, ಇವಳು ಡಬ್ಬಿ ಬಿಚ್ಚಿದಳು. ಸುಟ್ಟ ಕೂದಲಿನ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. ಎರಡು ಬೋರ್ಡುಗಳ ನಡುವಿನ ತಂತಿಯನ್ನು ಯಾರೋ ಕಡಿದು, ತುದಿಗಳಿಗೆ ಕರಿದಾರದಲ್ಲಿ ಕೂದಲು ಸುತ್ತಿದ್ದರು. ಅರ್ಧ ಸತ್ತ ಯಂತ್ರವನ್ನು ವಾಪಸ್ ಕೊಟ್ಟರೆ ತನ್ನ ಮರ್ಯಾದೆ ಏನಾಗಬೇಕು? ಕೂದಲನ್ನು ಕಿತ್ತೆಸೆದು, ತಂತಿಗೆ ಬೆಸುಗೆ ಹಾಕಿ, ಸ್ವಿಚ್ಚನ್ನು ಆಟದ ಕಡೆಗೆ ಒತ್ತಿದಳು.

ಪರದೆಯ ಮೇಲೆ ಮುಖವಿಲ್ಲದ ಪುಟ್ಟ ಆಳೊಬ್ಬ ನಿಂತಿದ್ದ. ಬಲಗೈಯಲ್ಲಿ ಜಾಯ್‌ಸ್ಟಿಕ್ ಹಿಡಿದು ಸರಿಸಿದಳು, ಅವನೂ ಸರಿದ. ಕಿಸಕ್ಕನೆ ನಕ್ಕಳು.

ಫ್ಯಾನಿನ ಸದ್ದು ನಿಂತಿತು. ಆಳು ಇವಳತ್ತ ತಿರುಗಿದ. ಕೈ ಎತ್ತಿದ.

ಇವಳ ಬಲಗೈ ಜಾಯ್‌ಸ್ಟಿಕ್ ಬಿಟ್ಟು ಮೇಲೆದ್ದಿತು. ಎತ್ತಿದ್ದು ಇವಳಲ್ಲ. ಅವನು ಕೈ ಚಾಚಿದ. ಇವಳ ಕೈಯೂ ಚಾಚಿತು. ಕಾದ ಬೆಸುಗೆ ಕಡ್ಡಿಯತ್ತ. ಒಂದು ಗೇಣು. ನಾಲ್ಕು ಬೆರಳು. ಚರ್ಮಕ್ಕೆ ಬಿಸಿ ತಾಕಿತು. ಹೆದರಿಕೆಯಾಯಿತು; ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಎಡಗೈಯಲ್ಲಿ ಕಟರ್ ಹಿಡಿದು ಬೆಸುಗೆ ಹಾಕಿದ ತಂತಿಗೆ ಇಟ್ಟಳು.

"ಬೇಡ!" ಅಜ್ಜಿ ಬಾಗಿಲಲ್ಲಿದ್ದಳು. "ಈಗ ಕಡಿದ್ರೆ ನಿನ್ನ ಕೈ ಅದರೊಳಗೇ ಉಳಿಯುತ್ತೆ, ಅವರದ್ದು ಉಳಿದ ಹಾಗೆ."

"ಉಳೀಲಿ."

ತಂತಿ ತುಂಡಾಯಿತು. ಬಲಗೈ ದೊಪ್ಪನೆ ಬಿತ್ತು. ಬೆಚ್ಚಗಿತ್ತು, ಆದರೆ ಅವಳದಾಗಿರಲಿಲ್ಲ.

ಅಜ್ಜಿ ಅತ್ತು ಕರೆದಳು. "ಸುಟ್ಟುಬಿಡೋಣಮ್ಮ ಇದನ್ನ."

"ನನ್ನ ಅನ್ನದ ಕೈ ಒಳಗಿದೆ. ಸುಡೋಕೆ ಬಿಡ್ತೀನಾ?"

ಒಂದು ತಿಂಗಳು ಗುಜರಿ ಬೋರ್ಡುಗಳ ಮೇಲೆ ಎಡಗೈಯಲ್ಲಿ ಬೆಸುಗೆ ಕಲಿತಳು. ಆಮೇಲೊಂದು ಬೆಳಿಗ್ಗೆ ಅದೇ ತಂತಿಯನ್ನು ಮತ್ತೆ ಕೂಡಿಸಿದಳು.

"ಈ ಕೈಯೂ ಹೋದ್ರೆ?" ಎಂದಳು ಅಜ್ಜಿ.

ಅವಳು ಸ್ವಿಚ್ಚನ್ನು ಆಟದ ಕಡೆಗೆ ಒತ್ತಿದಳು. ಎಡಗೈಯಲ್ಲಿ ಜಾಯ್‌ಸ್ಟಿಕ್ ಹಿಡಿದು ಪರದೆಗೆ ಮುಖ ಮಾಡಿದಳು. "ಬಾರೋ," ಅಂದಳು.

ಆಳು ಒಂದು ಹೆಜ್ಜೆ ಹಿಂದೆ ಸರಿದ. ಮೇಜಿನ ಮೇಲೆ ಬಿದ್ದಿದ್ದ ಬಲಗೈಯ ಕಿರುಬೆರಳನ್ನು ಅವಳು, ಎಡಗೈ ಸೋಕಿಸದೆಯೇ, ಮೆಲ್ಲಗೆ ಮಡಿಸಿದಳು.