ಹಳೇ ಸರ್ವರ್‌ನೊಳಗೆ ಅಮ್ಮನ ದನಿ

"ಅದನ್ನ ಮುಟ್ಟಬೇಡಿ! ಮಾಡಿದ್ದು ಸಾಕಾಗಿಲ್ವಾ?"

ಬ್ಯಾಗ್ ಹಿಡಿದು ಒಳಗೆ ಬಂದವನು ಬಾಗಿಲಲ್ಲೇ ನಿಂತುಬಿಟ್ಟ. ಇಬ್ಬರೂ ಮುಖ ನೋಡಿದ್ದು ಇದೇ ಮೊದಲು. ಫೋನಿನಲ್ಲಿ ಕೇಳಿದ ದನಿ ಮಾತ್ರ ಹಳೆಯ ಪರಿಚಯ. ಕೂಗಿದವಳು ಈ ಗ್ರಂಥಾಲಯದಲ್ಲಿ ಕಣ್ಣು ಕಾಣದವರಿಗಾಗಿ ಪುಸ್ತಕ ಓದಿ ರೆಕಾರ್ಡ್ ಮಾಡುವವಳು. ಅವನು ಆ ರೆಕಾರ್ಡಿಂಗ್‌ಗಳಿರುವ ಇಲ್ಲಿನ ಸರ್ವರನ್ನು ದೂರದಿಂದಲೇ ನೋಡಿಕೊಳ್ಳುವವನು.

ಮೊಬೈಲ್‌ನಲ್ಲಿರುವಂಥ ಆರ್ಮ್ ಚಿಪ್ಪಿನ ಆ ಪುಟ್ಟ ಸರ್ವರ್‌ಗೂ ವಯಸ್ಸಾಗಿತ್ತು, ಅದರ ಆಪರೇಟಿಂಗ್ ಸಿಸ್ಟಮ್‌ಗೂ ವಯಸ್ಸಾಗಿತ್ತು. ಬೆಳಿಗ್ಗೆ ಅವನು ಅಪ್‌ಗ್ರೇಡ್ ಮಾಡಿ ರೀಸ್ಟಾರ್ಟ್ ಕೊಟ್ಟಿದ್ದ. ಅಷ್ಟೇ... ಆಮೇಲೆ ಜಪ್ಪಯ್ಯ ಅಂದರೂ ಅದು ಉತ್ತರ ಕೊಡಲಿಲ್ಲ.

"ಯಾಕಿಷ್ಟು ಗಾಬರಿ? ಬ್ಯಾಕಪ್ ಆಗಿದೆ ಅಂತ ನೀವೇ ಹೇಳಿದ್ರಲ್ಲ."

ಬ್ಯಾಕಪ್ ಆಗಿತ್ತು, ನಿಜ. ಎಲ್ಲವನ್ನೂ ಇನ್ನೊಂದು ಫೋಲ್ಡರ್‌ಗೆ ಕಾಪಿ ಮಾಡಿದ್ದಳು... ಅದೇ ಡಿಸ್ಕಿನಲ್ಲಿ! ಅದು ಕೆಟ್ಟರೆ ಎರಡೂ ಹೋದ ಹಾಗೆ.

ಅದನ್ನು ಹೇಳುವಾಗ ಅವಳಿಗೆ ಅಳು ಬಂದೇಬಿಟ್ಟಿತು. "ಅಮ್ಮ ಓದಿ ರೆಕಾರ್ಡ್ ಮಾಡಿದ ಪುಸ್ತಕಗಳೆಲ್ಲ ಅದರಲ್ಲೇ ಇವೆ. ಅಮ್ಮ ಹೋದ್ಮೇಲೆ ಅವಳ ದನಿ ಬೇರೆಲ್ಲೂ ಇಲ್ಲ..."

ಸದ್ದು ಕೇಳಿ ಗ್ರಂಥಾಲಯ ನಡೆಸುವ ಅವಳ ದೊಡ್ಡಮ್ಮ ಬಂದರು. "ಏನಿದು ರಂಪ? ಯಾರ ತಪ್ಪು?"

ಈಗ ನನ್ನ ಮಾನ ಹರಾಜು, ಅಂದುಕೊಂಡಳು ಅವಳು.

"ನಂದು, ಮೇಡಂ," ಅಂದ ಅವನು. "ಬ್ಯಾಕಪ್ ಎಲ್ಲಿದೆ ಅಂತ ನಾನು ನೋಡ್ಬೇಕಿತ್ತು."

"ಇಲ್ಲ ದೊಡ್ಡಮ್ಮ, ನಂದು!"

"ಸರಿ, ಇಬ್ಬರೂ ಹಂಚ್ಕೊಳ್ಳಿ. ಮೊದ್ಲು ಕೆಲ್ಸ ನೋಡಿ!" ಎಂದು ದೊಡ್ಡಮ್ಮ ಹೊರಟೇ ಹೋದರು.

ಸರ್ವರ್‌ಗೆ ಮಾನಿಟರ್ ಇರಲಿಲ್ಲ. ಅವನು ತೆಳ್ಳನೆಯ ಕೇಬಲ್ ಒಂದನ್ನು ಅದಕ್ಕೂ ತನ್ನ ಲ್ಯಾಪ್‌ಟಾಪಿಗೂ ಸಿಕ್ಕಿಸಿದ. ಪರದೆಯ ಮೇಲೆ ಸಾಲುಗಳು ಓಡತೊಡಗಿದವು.

"ಬದುಕಿದೆ! ಹೊಸ ಸಿಸ್ಟಮ್ ನೆಟ್‌ವರ್ಕ್ ಪೋರ್ಟಿಗೆ ಬೇರೆ ಹೆಸರಿಟ್ಟಿದೆ. ಸೆಟ್ಟಿಂಗ್ ಇನ್ನೂ ಹಳೇ ಹೆಸರನ್ನೇ ಹುಡುಕ್ತಿದೆ. ಅದಕ್ಕೇ ಹೊರಗಿಂದ ಕರೆದ್ರೆ ಉತ್ತರ ಬರ್ತಿರ್ಲಿಲ್ಲ. ಡಿಸ್ಕಿಗೆ ಏನೂ ಆಗಿಲ್ಲ ರೀ!"

ಅವಳು ಕುರ್ಚಿಯಲ್ಲಿ ಕುಸಿದು ಕೂತಳು. ಅವನು ಬ್ಯಾಗಿನಿಂದ ಬೇರೊಂದು ಡಿಸ್ಕ್ ತೆಗೆದ. "ಮೊದ್ಲು ಬ್ಯಾಕಪ್. ಈ ಸಲ..."

"ಬೇರೆ ಡಿಸ್ಕಿಗೆ. ಗೊತ್ತಾಯ್ತು ಬಿಡಿ!"

ಕಾಪಿ ಮುಗಿಯಿತು. ಪೋರ್ಟಿನ ಹೆಸರು ತಿದ್ದಿ, ಪರೀಕ್ಷೆಗೆಂದು ಅವನು ಒಂದು ಫೈಲ್ ಹಾಕಿದ. ಕೇಳಿಸಿದ್ದು ಅವಳದೇ ದನಿ.

"ಇಷ್ಟೊಂದು ಫೈಲ್‌ಗಳಲ್ಲಿ ನಂದೇ ಯಾಕೆ?"

ಅವನ ಕಿವಿ ಕೆಂಪಾಯಿತು. "ಆಮೇಲೆ ಹೇಳ್ತೀನಿ. ಮೊದ್ಲು ನಿಮ್ಮ ಅಮ್ಮನ್ನ ಕೇಳಿ."

ಅವಳು ಅಮ್ಮನ ಫೈಲ್ ಹುಡುಕಿ ಒತ್ತಿದಳು. ಒಂದು ಕೆಮ್ಮು. ನೀರು ಕುಡಿದ ಸದ್ದು. ಆಮೇಲೆ ಅಮ್ಮ, "ಅಧ್ಯಾಯ ಒಂದು..."

ಅವಳು ಅಳುತ್ತಲೇ ನಕ್ಕಳು. ಅಧ್ಯಾಯ ಮುಗಿಯುವವರೆಗೂ ಅವನು ಪಕ್ಕದಲ್ಲೇ ನಿಂತು ಕೇಳಿದ.

"ಈಗ ಹೇಳಿ," ಅಂದಳು ಕಣ್ಣೊರೆಸಿಕೊಂಡು.

"ಕೆಲ್ಸ ಆದ್ಮೇಲೆ ಒಂದು ಫೈಲ್ ಕೇಳಿ ನೋಡೋದು ನಮ್ಮ ರೂಢಿ. ಒಂದು ನಿಮಿಷ ಕೇಳಿದ್ರೆ ಸಾಕು. ನಾನು ಯಾವಾಗ್ಲೂ ನಿಮ್ಮದೇ ಹಾಕ್ತಿದ್ದೆ... ಪೂರ್ತಿ ಕೇಳ್ತಿದ್ದೆ. ನಿಮ್ಮ ದನಿ ಅಂದ್ರೆ ನಂಗಿಷ್ಟ. ನೀವಂದ್ರೂ..."

ತಪ್ಪನ್ನು ತನ್ನ ಮೇಲೆ ಹಾಕಿಕೊಂಡಾಗಲೇ ಇವನು ಅವಳ ಮನಸ್ಸಿಗೆ ಇಳಿದುಬಿಟ್ಟಿದ್ದ.

"ಇಷ್ಟು ದಿನ ಫೋನಲ್ಲಿ ಹೇಳೋಕೆ ಏನು ದಾಡಿಯಾಗಿತ್ತು?"

"ಅದು ಕೆಲ್ಸದ ಫೋನು!"

ಅವಳು ಜೋರಾಗಿ ನಕ್ಕಳು. ಎದ್ದು, ಅವನಿಗೆಂದು ತನ್ನ ಎದುರಿಗೇ ಒಂದು ಕುರ್ಚಿ ಎಳೆದಳು.

"ಇನ್ಮೇಲೆ ಫೈಲ್ ಬೇಡ. ಇಲ್ಲಿ ಕೂತ್ಕೊಳ್ಳಿ, ನಾನೇ ಓದ್ತೀನಿ."

"ಎಷ್ಟು ಹೊತ್ತು?"

"ದಪ್ಪ ಪುಸ್ತಕಾನೇ ಆರಿಸ್ತೀನಿ."