ಒಂಬತ್ತು ಸಲ ಇಳಿದ ವಿಮಾನ

ಅಜ್ಜಿಯ ಹಲ್ಲು ಸೆಟ್ಟನ್ನು ಡಬ್ಬಿಯಲ್ಲಿಟ್ಟುಕೊಂಡು ಮೊದಲ ಸಲ ಆ ಮೆಟ್ಟಿಲು ಹತ್ತಿದ ದಿನ, ಬಾಗಿಲು ತೆರೆಯುವ ಮೊದಲೇ ನಾನು ಮೂಗು ಮುಚ್ಚಿಕೊಂಡೆ.

ಉಗುರುಬಣ್ಣ, ಸುಟ್ಟ ಮೇಣ, ಒದ್ದೆ ಸುಣ್ಣ, ಮೂರನ್ನೂ ಕಲಸಿಟ್ಟಂಥ ವಾಸನೆ. ಒಳಗೆ ಗೋಡೆಯುದ್ದಕ್ಕೂ ಹಲಗೆಗಳು, ಅವುಗಳ ಮೇಲೆ ಸಾಲು ಸಾಲು ಪ್ಲಾಸ್ಟರ್ ದವಡೆಗಳು. ಒಂದೊಂದಕ್ಕೂ ಪೆನ್ಸಿಲಿನ ನಂಬರು. ಯಾರ್ಯಾರದೋ ಬಾಯಿಗಳೆಲ್ಲ ತೆರೆದುಕೊಂಡು ನನ್ನನ್ನೇ ನೋಡುತ್ತಿದ್ದವು.

ಮೂಲೆಯ ಕ್ಲಿನಿಕ್ಕಿನ ಡಾಕ್ಟರು ಅಳತೆ ತೆಗೆದು ಕಳಿಸುತ್ತಾರೆ, ಹಲ್ಲು ಮಾಡುವವನು ಒಳಗೆ ಕುಳಿತಿದ್ದ ಇವನು. ಅಜ್ಜಿ ಇವನಿಗೆ ‘ಹಲ್ಲಿನ ಹುಡುಗ’ ಎಂದೇ ಹೆಸರಿಟ್ಟಿದ್ದಳು. ಅವನು ಡಬ್ಬಿ ಮುಚ್ಚಳ ತೆಗೆದು, ಬರಿಗೈಯಲ್ಲೇ ಸೆಟ್ಟನ್ನು ನೀರಿನಿಂದೆತ್ತಿ, ಕಿಟಕಿಯ ಬೆಳಕಿಗೆ ಹಿಡಿದ. ನಾನು ಮುಖ ತಿರುಗಿಸಿದೆ. ಅಜ್ಜಿಗೆ ಎಲ್ಲಿ ಒತ್ತುತ್ತದೆ ಎಂದು ಕೇಳಿದ. ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದ ವಾಕ್ಯ ಮರೆತೇಹೋಯಿತು. ನನ್ನ ಕೆನ್ನೆಯನ್ನೇ ಬೆರಳಿನಿಂದ ಒತ್ತಿ ತೋರಿಸಿದೆ.

“ನಿಮಗಲ್ಲ ತಾನೆ?” ಎಂದ. ತುಟಿಯ ಒಂದು ಬದಿ ಮಾತ್ರ ನಕ್ಕಿತು.

ಒಂದು ಗಂಟೆ ಕಾಯಬೇಕಿತ್ತು. ಖಾಲಿಯಿದ್ದದ್ದು ಒಂದೇ ಕುರ್ಚಿ. ಅದೂ ಕುರ್ಚಿಯಲ್ಲ, ಗುಜರಿಯಿಂದ ತಂದ ಕಾರಿನ ಸೀಟು. ಅದರೆದುರು ಮೇಜಿನ ಮೇಲೆ ಮೂರು ಪರದೆ, ಒಂದು ಜಾಯ್‌ಸ್ಟಿಕ್, ವೇಗಕ್ಕೊಂದು ಥ್ರಾಟಲ್. ವಿಮಾನ ಹಾರಿಸುವ ಆಟ. ಎಲ್ಲವನ್ನೂ ತಾನೇ ಜೋಡಿಸಿದ್ದೆಂದ. ನಿಜವಾದ ವಿಮಾನ ಹತ್ತಿದ್ದೀರಾ ಎಂದು ಕೇಳಿದ್ದಕ್ಕೆ, ಬಸ್ಸಿನಲ್ಲೇ ವಾಂತಿಯಾಗುತ್ತದೆ ಎಂದ.

ಸುಮ್ಮನೆ ಕೂರುವ ಬದಲು ಇಳಿಸಿ ನೋಡಿ ಎಂದು ಆಕಾಶದಲ್ಲಿದ್ದ ಪುಟ್ಟ ವಿಮಾನವನ್ನು ನನ್ನ ಕೈಗೊಪ್ಪಿಸಿದ. ಜಾಯ್‌ಸ್ಟಿಕ್ ಮೇಲೆ ಪ್ಲಾಸ್ಟರ್ ಪುಡಿಯೂ ಚಿಪ್ಸಿನ ಎಣ್ಣೆಯೂ ಸೇರಿ ಗಟ್ಟಿಯಾದ ಜಿಡ್ಡು. ಪಕ್ಕದ ಲೋಟದಲ್ಲಿ ಎಂದಿನದೋ ಚಹಾ, ಮೇಲೆ ಹಸಿರು ಬೂಷ್ಟು. ನಾನು ಕರವಸ್ತ್ರ ಸುತ್ತಿ ಹಿಡಿದುಕೊಂಡೆ. ಅವನು ನೋಡಿದ. ಕಿವಿ ಕೆಂಪಾಯಿತು.

ವಿಮಾನ ರನ್‌ವೇ ತಲುಪುವ ಮೊದಲೇ ಹೊಲಕ್ಕೆ ಮೂಗು ಗುದ್ದಿತು.

“ಬಿಡಿ, ನನ್ನ ಕೈಲಾಗಲ್ಲ,” ಎಂದು ಎದ್ದೆ. ನನಗೆ ತಡವರಿಸದೆ ಹೇಳಲು ಬರುತ್ತಿದ್ದದ್ದು ಅದೊಂದೇ ಮಾತು. ಡಿಗ್ರಿ ಮುಗಿದು ಎರಡು ವರ್ಷ. ಅರ್ಜಿ ತುಂಬುವವನು ಅಣ್ಣ, ಫೋನಿನಲ್ಲಿ ಮಾತಾಡುವವರು ಅಪ್ಪ, ಸಂದರ್ಶನಕ್ಕೆ ಹೋಗಿ ಬಾಯಿ ಬಿಡದೆ ಬರುವವಳು ನಾನು.

ಅವನು ಪ್ಯಾಂಟಿಗೆ ಕೈ ಒರೆಸಿಕೊಂಡು, ಸ್ಟೂಲು ಎಳೆದು ನನ್ನ ಎಡಗಡೆ ಸ್ವಲ್ಪ ಹಿಂದೆ ಕುಳಿತ. ಇನ್ನೊಂದು ಸಲ ನೋಡೋಣ, ನಾನು ಹೇಳುತ್ತಾ ಹೋಗುತ್ತೇನೆ ಎಂದ. ರನ್‌ವೇ ಪಕ್ಕ ನಾಲ್ಕು ದೀಪ. ಎರಡು ಬಿಳಿ, ಎರಡು ಕೆಂಪು ಕಂಡರೆ ಎತ್ತರ ಸರಿಯಾಗಿದೆ ಎಂದರ್ಥ. ಎಲ್ಲಾ ಕೆಂಪಾದರೆ ತೀರಾ ಕೆಳಗಿದ್ದೀರಿ. ನೆಲ ಹತ್ತಿರ ಬಂದಾಗ ಮೂಗನ್ನು ನಿಧಾನಕ್ಕೆ ಎತ್ತಿ, ಮಲಗಿದ ಮಗುವನ್ನು ಹಾಸಿಗೆಗೆ ಬಿಡುವ ಹಾಗೆ.

ಬಿಟ್ಟೆ. ಚಕ್ರ ನೆಲ ಮುಟ್ಟಿದ್ದು ಗೊತ್ತೇ ಆಗಲಿಲ್ಲ.

ಮೆಟ್ಟಿಲಿಳಿಯುವಾಗ ನಾನು ಒಬ್ಬಳೇ ನಗುತ್ತಿದ್ದೆ.

ಅಜ್ಜಿಯ ಒಸಡು ಸವೆದಿತ್ತು, ಹೊಸ ಸೆಟ್ಟು ಮಾಡಿಸಲು ನಾಲ್ಕು ಸಲ ಓಡಾಡಬೇಕಾಯಿತು. ನಡುವೆ ಒಮ್ಮೆ ಅಜ್ಜಿಯ ಹಳೆಯ ಫೋಟೋ ಇದ್ದರೆ ತನ್ನಿ ಎಂದಿದ್ದ. ಫೋಟೋದಲ್ಲಿ ಅವಳ ಮುಂದಿನ ಹಲ್ಲೊಂದು ತುಸು ಓರೆ. ಹೊಸ ಸೆಟ್ಟಿನಲ್ಲೂ ಅದನ್ನು ಅಷ್ಟೇ ಓರೆಯಾಗಿ ಕೂರಿಸಿದ. ಅಜ್ಜಿ ಕನ್ನಡಿಯ ಮುಂದೆ ಬಹಳ ಹೊತ್ತು ಕುಳಿತು ಆ ಓರೆ ಹಲ್ಲನ್ನು ಮುಟ್ಟಿ ಮುಟ್ಟಿ ನೋಡಿದಳು. ನಾನು ಅವನಿಗೆ ಮನಸೋತದ್ದು ಅಂದೇ.

ಆಮೇಲೆ ಡಬ್ಬಿಯಿಲ್ಲದೆಯೂ ಹೋದೆ. ಮಂಗಳವಾರ, ಶುಕ್ರವಾರ, ಮಧ್ಯಾಹ್ನ ಮೂರಕ್ಕೆ. ಆ ಕೋಣೆಯ ವಾಸನೆಗೆ ಮೂಗು ಒಗ್ಗಲೇ ಇಲ್ಲ. ಅವನ ಉಗುರಿನ ಸಂದಿಯ ಗುಲಾಬಿ ಮೇಣ ಕಂಡರೆ ಆಗಲೂ ಮೈ ಜುಂ ಎನ್ನುತ್ತಿತ್ತು. ಆದರೂ ಅವನು ಬಾಗಿದಾಗ ಕಿವಿಯ ಹಿಂದೆ ಅಂಟಿದ್ದ ಬಿಳಿ ಪುಡಿಯನ್ನು ಊದಬೇಕೆನ್ನಿಸುತ್ತಿತ್ತು. ಇಂಥ ಹೊಲಸು ಮನುಷ್ಯನ ಮೇಲೆ ಯಾಕೆ ಎಂದು ನನ್ನ ಮೇಲೇ ಅಸಹ್ಯ.

ಒಟ್ಟು ಒಂಬತ್ತು ಸಲ ಇಳಿಸಿದೆ. ಒಂಬತ್ತನ್ನೂ ಡೈರಿಯಲ್ಲಿ ತಾರೀಖು ಹಾಕಿ ಬರೆದೆ. ಒಂಬತ್ತನೆಯದರ ಕೆಳಗೆ, ಹತ್ತನೆಯದು ಇಳಿಸಿದ ಮೇಲೆ ಹೇಳಿಬಿಡುತ್ತೇನೆ ಎಂದು ಬರೆದೆ. ಏನು ಹೇಳುವುದೆಂದು ಡೈರಿಗೂ ತಿಳಿಸಲಿಲ್ಲ.

ಹತ್ತನೆಯ ಸಲ, ಆಟ ತೆರೆದುಕೊಳ್ಳುವ ಮುನ್ನ ಪರದೆ ಒಂದು ಕ್ಷಣ ಕಪ್ಪಾಯಿತು. ಆ ಕಪ್ಪಿನಲ್ಲಿ ನನ್ನ ಮುಖ, ಹಿಂದೆ ಅವನ ಮುಖ. ಅವನ ಭುಜ ಮುಂದಕ್ಕೆ ಬಾಗಿತ್ತು. ಓರೆಗಣ್ಣಲ್ಲಿ ಕೆಳಗೆ ನೋಡಿದರೆ, ಮೇಜಿನ ಕೆಳಗೆ ಅವನ ಎಡಗೈ ಏನನ್ನೋ ಹಿಡಿದಿತ್ತು.

ಇನ್ನೊಂದು ಜಾಯ್‌ಸ್ಟಿಕ್. ಚಿಕ್ಕದು, ಮೇಜಿನ ತಳಕ್ಕೆ ಕೂರಿಸಿದ್ದು.

ನಾನು ತಿರುಗಲಿಲ್ಲ. ರನ್‌ವೇ ದೂರದಲ್ಲಿ ಕಾಣಿಸಿತು. ಎರಡೂ ಕೈಗಳನ್ನು ಮೆಲ್ಲಗೆ ತೆಗೆದು ಮಡಿಲಲ್ಲಿಟ್ಟುಕೊಂಡೆ. ವಿಮಾನ ಚೆಂದವಾಗಿ ಹಾರುತ್ತಲೇ ಇತ್ತು. ಎರಡು ಬಿಳಿ, ಎರಡು ಕೆಂಪು. ರೆಪ್ಪೆ ಮಿಟುಕಿಸದೆ ಪರದೆಯನ್ನೇ ನೋಡುತ್ತಿದ್ದ ಅವನಿಗೆ ನನ್ನ ಕೈ ಕಾಣಲೇ ಇಲ್ಲ. ಮೂಗು ನಿಧಾನಕ್ಕೆ ಎದ್ದಿತು, ಚಕ್ರ ಹೂವಿನ ಹಾಗೆ ನೆಲ ಮುಟ್ಟಿತು.

“ಸೂಪರ್ ರೀ. ಹತ್ತಾಯ್ತು,” ಎಂದ.

ನಾನು ಎರಡೂ ಅಂಗೈಗಳನ್ನು ಎತ್ತಿ ತೋರಿಸಿದೆ. ಅವನ ಮುಖದ ಬಣ್ಣ ಹಲಗೆಯ ಮೇಲಿನ ದವಡೆಗಳ ಬಣ್ಣಕ್ಕಿಳಿಯಿತು.

ಮನೆಗೆ ಬಂದು ಸೋಪು ಹಾಕಿ ಮೂರು ಸಲ ಕೈ ತೊಳೆದೆ. ಡೈರಿ ತೆರೆದು ಆ ಒಂಬತ್ತು ಸಾಲು ಓದಿದರೆ, ಬೇರೆಯವರು ಅಗಿದುಕೊಟ್ಟ ತುತ್ತನ್ನು ಇಷ್ಟು ದಿನ ಬಾಯಲ್ಲಿಟ್ಟುಕೊಂಡು ರುಚಿಯೆಂದು ಕುಣಿದಂತಿತ್ತು. ಅಪ್ಪ, ಅಣ್ಣ ನನ್ನೆದುರಿಗೇ ಮಾಡುತ್ತಿದ್ದದ್ದನ್ನು ಇವನು ಮೇಜಿನ ಕೆಳಗೆ ಮಾಡಿದ್ದ. ಅವನ ಮೆಸೇಜುಗಳು ಬಂದವು, ಮೊದಲು ಉದ್ದ, ಆಮೇಲೆ ಚಿಕ್ಕವು. ತೆರೆಯಲಿಲ್ಲ. ಆ ಹುಡುಗನ ಹತ್ತಿರ ಜಗಳವೇನೇ ಎಂದು ಅಜ್ಜಿ ಕೇಳಿದಳು. ಅವನ ಕೋಣೆ ಗಬ್ಬು ನಾರುತ್ತದೆ ಎಂದೆ. ಇಷ್ಟು ದಿನ ನಾರುತ್ತಿರಲಿಲ್ಲವೇನೇ ಎಂದಳು.

ಹನ್ನೆರಡನೆಯ ದಿನ ಹೋದೆ. ವಿಮಾನ ಇಳಿಸಲು ಹೋದೆ, ಅಷ್ಟೆ.

ಮೇಜಿನ ಕೆಳಗಿನದನ್ನು ತೆಗೆಯಿರಿ ಎಂದೆ. ಅವನು ಸ್ಕ್ರೂಡ್ರೈವರ್ ತಂದು, ನೆಲದಲ್ಲಿ ಅಂಗಾತ ಮಲಗಿ ಬಿಚ್ಚಿದ. ತಾನೆಲ್ಲಿ ಕೂರಬೇಕೆಂದು ಕೇಳಿದ.

“ಅಲ್ಲೇ. ಕೈ ನನಗೆ ಕಾಣಬೇಕು.”

ಅವನು ಎರಡೂ ಕೈಗಳನ್ನು ಮಂಡಿಯ ಮೇಲಿಟ್ಟುಕೊಂಡು ಕುಳಿತ.

ಒಂದು ಸಲ ಹೊಲಕ್ಕೆ, ಎರಡು ಸಲ ಮರಗಳಿಗೆ. ಒಮ್ಮೆ ರನ್‌ವೇ ಇದ್ದ ದಿಕ್ಕೇ ತಪ್ಪಿತು. ಐದನೆಯ ಸಲ ಹೇಳಲಾ ಎಂದು ಕೇಳಿದ, ಬೇಡ ಎಂದೆ. ಏಳನೆಯದು ಬಿದ್ದ ಮೇಲೆ ಯಾಕೆ ಹಾಗೆ ಮಾಡಿದಿರಿ ಎಂದು ಪರದೆಯನ್ನು ನೋಡುತ್ತಲೇ ಕೇಳಿದೆ.

“ಮೊದಲ ದಿನ ಎದ್ದು ನಿಂತ್ರಲ್ಲ. ಹೋದ್ರೆ ಮತ್ತೆ ಬರಲ್ಲ ಅನ್ನಿಸ್ತು. ಕೆಳಗೆ ಹಳೇ ಸ್ಟಿಕ್ ಮೊದಲೇ ಇತ್ತು, ಹಿಡ್ಕೊಂಡೆ. ಒಂದ್ಸಲ ಶುರು ಮಾಡಿದ್ಮೇಲೆ ಹೇಗೆ ಬಿಡೋದು ಅಂತ ಗೊತ್ತಾಗ್ಲಿಲ್ಲ.”

“ಅಸಹ್ಯ.”

“ಹೌದು,” ಎಂದ.

ಹದಿಮೂರನೆಯ ಸಲ ಚಕ್ರ ನೆಲಕ್ಕೆ ಬಡಿಯಿತು. ವಿಮಾನ ಮೂರು ಸಲ ಪುಟಿಯಿತು, ಎಡಕ್ಕೆ ಎಳೆಯಿತು, ಒಂದು ಚಕ್ರ ಹುಲ್ಲಿಗಿಳಿದು ಅಡ್ಡಡ್ಡ ನಿಂತಿತು. ಎಂಜಿನ್ ಇನ್ನೂ ಗುರುಗುಟ್ಟುತ್ತಿತ್ತು. ಮುರಿದಿರಲಿಲ್ಲ.

“ತುಂಬಾ ಕೆಟ್ಟದಾಗಿ ಇಳಿಸಿದ್ರಿ,” ಎಂದ ಅವನು.

ಈ ಮಾತು ನನಗೆ ಯಾರೂ ಹೇಳಿರಲಿಲ್ಲ. ಹಾಗೆ ಹೇಳಿಸಿಕೊಳ್ಳುವಷ್ಟು ದೂರ ನಾನು ಯಾವುದನ್ನೂ ಒಯ್ದೇ ಇರಲಿಲ್ಲ. ಕಣ್ಣು ಮಂಜಾಯಿತು. ತಿರುಗಿದೆ.

“ನೀವಂದ್ರೆ ನನಗಿಷ್ಟ,” ಎಂದೆ. “ಇನ್ನೂ ಇಷ್ಟಾನೇ ಅನ್ನೋದು ನೆನೆಸಿಕೊಂಡ್ರೆ ಮೈಯೆಲ್ಲಾ ಉರಿಯುತ್ತೆ.”

ಚೆಂದದ ಮಾತೊಂದು ಅವನ ನಾಲಿಗೆಯವರೆಗೆ ಬಂದು ಹಿಂದೆ ಹೋದದ್ದು ಕಂಡಿತು.

“ಭಯ ಆಗ್ತಿದೆ ರೀ,” ಎಂದ ಕೊನೆಗೆ. “ಮೂರು ತಿಂಗಳಿಂದ ಹೇಳ್ಬೇಕು ಅಂತಿದ್ದೆ. ಈಗ ಹೇಳೋಕೂ ಭಯ.”

ಮಂಡಿಯ ಮೇಲಿದ್ದ ಅವನ ಕೈ ನಡುಗುತ್ತಿತ್ತು. ನಾನು ಅದರ ಮೇಲೆ ಕೈಯಿಟ್ಟೆ. ಬಿಗಿಯಾಗಿ ಹಿಡಿದಿದ್ದರೆ ನಿಲ್ಲುತ್ತಿತ್ತೋ ಏನೋ. ಹಿಡಿಯಲಿಲ್ಲ, ನಡುಗುವಷ್ಟು ನಡುಗಲಿ ಎಂದು ಸುಮ್ಮನೆ ಕುಳಿತೆ.