ಬೆರಳೆತ್ತಿದವಳು

"ಸೊಂಟ ಅಲ್ಲಾಡಸಬ್ಯಾಡ್ರಿ. ಒಂದ ನಿಮಿಷ ಅಷ್ಟ."

ಬೋರಲು ಮಲಗಿದ್ದ ಅಮಸಿದ್ದ ಆ ದನಿಗೆ ಕತ್ತು ತಿರುಗಿಸಿದ. ನಾಲ್ಕು ವರ್ಷಗಳ ನಂತರ ಕೇಳಿದ ದನಿ... ಕಾವೇರಿ!

"ರಿ ಹಚ್ಚಿ ಮಾತಾಡೂದು ಯಾವಾಗ ಕಲ್ತಿ?"

ನರ್ಸ್ ಕಾವೇರಿ ಅವನ ಸೊಂಟಕ್ಕೆ ಸ್ಪಿರಿಟ್ ಒರೆಸಿದಳು.

ಸೊಲ್ಲಾಪುರದಿಂದ ಪ್ರತಿ ಗುರುವಾರ ಸಿಂದಗಿಯ ಈ ಆಸ್ಪತ್ರೆಗೆ ಬರುವ ಎಲುಬಿನ ಡಾಕ್ಟರು ಅವನ ಸೊಂಟದ ಎಲುಬಿನಿಂದ ಮಜ್ಜೆ ಎಳೆದುಕೊಂಡರು. ಅದರಲ್ಲಿನ ಸ್ಟೆಮ್ ಸೆಲ್‌ಗಳನ್ನು ಬೇರ್ಪಡಿಸಿ ಹಾಳಾದ ಮೊಣಕಾಲಿಗೆ ಚುಚ್ಚಬೇಕು.

"ಕೀಲಿನ ಮೆತ್ತನ್ನ ಎಲುಬು ಸುಧಾರಿಸಬಹುದು. ಗ್ಯಾರಂಟಿ ಕೊಡಂಗಿಲ್ಲ," ಎಂದು ಹೇಳಿ ಅವರು ಒಳಗಿನ ಯಂತ್ರದ ಕೋಣೆಗೆ ಹೋದರು.

ಇನ್ನು ಅರ್ಧ ಗಂಟೆ ಇಬ್ಬರೇ. ಅವನನ್ನು ಅಂಗಾತ ಮಲಗಿಸಿದರೂ ಆ ಮೊಣಕಾಲನ್ನು ನೋಡುವ ಧೈರ್ಯ ಕಾವೇರಿಗಿರಲಿಲ್ಲ. ಅದನ್ನು ಹಾಳು ಮಾಡಿದವಳು ತಾನೇ ಅಲ್ಲವೇ?

ನಾಲ್ಕು ವರ್ಷದ ಹಿಂದೆ ಅವರ ಊರಾದ ಕನ್ನೊಳ್ಳಿಯಲ್ಲಿ ಕಾರಹುಣ್ಣಿಮೆಯ ಕಲ್ಲೆತ್ತುವ ಪಂದ್ಯ. ಅಮಸಿದ್ದ ಗುಂಡುಕಲ್ಲನ್ನು ಹೆಗಲಿಗೇರಿಸಿ ಕೆಡವಿದ್ದ. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಮಾಳಿಗೆಯ ಮೇಲಿದ್ದ ಇವಳು, ಅವನು ತನ್ನ ಮಾತು ಮೀರುವುದಿಲ್ಲವೆಂದು ಗೆಳತಿಯರ ಮುಂದೆ ಮೆರೆಯಲು, ಒಂದು ಬೆರಳು ಎತ್ತಿದಳು. ಇನ್ನೊಮ್ಮೆ! ಅವನು ನಕ್ಕು ಮತ್ತೆ ಬಗ್ಗಿದ. ಈ ಸಲ ಕಲ್ಲೂ ಏಳಲಿಲ್ಲ, ಅವನೂ ಏಳಲಿಲ್ಲ.

ಮರುವಾರವೇ ಅವಳು ನರ್ಸಿಂಗ್ ಓದಲು ಇಂಡಿಗೆ ಹೋದಳು. ಒಮ್ಮೆಯೂ ಅವನನ್ನು ನೋಡಲು ಬರಲಿಲ್ಲ. ಯಾವ ಮುಖ ಇಟ್ಟುಕೊಂಡು ಬರಬೇಕಿತ್ತು?

"ಕುಂಟನ್ನ ಏನ ನೋಡೂದು ಅಂತ ಬಿಟ್ಟಿ, ಹೌದಿಲ್ಲೊ?" ಅಮಸಿದ್ದ ಕೇಳಿದ.

"ಹಂಗಲ್ಲೋ..." ಎಂದಳು ಕಾವೇರಿ. "ನಾ ಬೆರಳ ಎತ್ತದ ಇದ್ದಿದ್ರ ನೀ ಇವತ್ತು ಕುರಿ ಹಿಂದ ಅಡ್ಡಾಡಿಕೊಂಡು ಇರ್ತಿದ್ದಿ. ಪ್ರತಿ ಗುರುವಾರ ಮಂದಿ ಮೊಣಕಾಲ ಹಿಡೀತೇನಿ. ಪ್ರತಿ ಸಲ ನಿಂದ ನೆನಪಾಗತೈತಿ."

ಅವನು ಮೊಣಕೈ ಊರಿ ತಲೆ ಎತ್ತಿದ.

"ಮೊದಲನೇ ಸಲಕ್ಕನ ಮೊಣಕಾಲ ಕಟ್ ಅಂದಿತ್ತು ಕಾವೇರಿ. ನೀ ನೋಡಾಕತ್ತಿದ್ದಿ, ಅದಕ್ಕ ನೋವು ಮುಚ್ಚಿಟ್ಟೆ. ನೀ ಬ್ಯಾಡ ಅಂದಿದ್ರೂ ಎತ್ತಾಂವನ ಇದ್ದೆ."

"ಮತ್ತ ಇಷ್ಟ ದಿನ ಯಾಕ ಹೇಳಲಿಲ್ಲ?"

"ನೀ ಎಲ್ಲಿ ಸಿಕ್ಕಿ?"

ಬೆರಳೆತ್ತಿದ್ದಕ್ಕಿಂತ ಅವನನ್ನು ಬಿಟ್ಟು ಓಡಿಹೋದದ್ದೇ ದೊಡ್ಡ ತಪ್ಪು ಎಂದು ಕಾವೇರಿಗೆ ಈಗ ಅರ್ಥವಾಯಿತು.

ಡಾಕ್ಟರು ಬಂದು ಮೊಣಕಾಲಿಗೆ ಇಂಜೆಕ್ಷನ್ ಕೊಟ್ಟರು. ಆರು ವಾರ ಆ ಕಾಲಿನ ಮೇಲೆ ಭಾರ ಹಾಕಬಾರದೆಂದು ಹೇಳಿ ಹೋದರು. ಕಾವೇರಿ ಮೊದಲ ಬಾರಿಗೆ ಆ ಮೊಣಕಾಲನ್ನು ನೋಡಿದಳು, ಮೆಲ್ಲಗೆ ಪಟ್ಟಿ ಸುತ್ತಿದಳು.

"ದಿನಾ ಡ್ಯೂಟಿ ಮುಗಿಸಿ ಕನ್ನೊಳ್ಳಿಗೆ ಬರ್ತೇನಿ. ಆರು ವಾರಕ್ಕಷ್ಟ ಅಲ್ಲ... ಈ ಕಾಲು ನೆಟ್ಟಗಾಗಲಿ, ಬಿಡಲಿ, ನನಗ ನೀನ ಬೇಕು."

ಅಮಸಿದ್ದ ಮಲಗಿದಲ್ಲಿಂದಲೇ ಒಂದು ಬೆರಳು ಎತ್ತಿದ.

ಇನ್ನೊಮ್ಮೆ.

ಕಾವೇರಿ ಕಣ್ಣೊರೆಸಿಕೊಂಡು ಆ ಬೆರಳನ್ನು ಮುಷ್ಟಿಯಲ್ಲಿ ಹಿಡಿದಳು.

"ನೀನ ಬೇಕು," ಎಂದಳು.